ವಿಮಾನ ನಾಲ್ಕು ಗಂಟೆ, ಹರಿಹರಕ್ಕೆ ಹದಿನಾಲ್ಕು

"ದುಬೈ ಏನು ದೂರ, ನಾಲ್ಕು ಗಂಟೆ ಹಾದಿ" ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಬಜ್ಪೆ ಸುತ್ತಮುತ್ತ ಇರುವವರಿಗೆ ಅದು ಹೊಂದಬಹುದು. ವ್ಯಾಪಾರಕ್ಕೆಂದು ಘಟ್ಟ ಹತ್ತಿ ದಾವಣಗೆರೆ, ಹರಿಹರದಲ್ಲಿ ನೆಲೆ ನಿಂತ ನಮಗೆ ಆ ಲೆಕ್ಕ ಹೊಂದುವುದಿಲ್ಲ.

ದುಬೈಯಿಂದ ಮಂಗಳೂರಿಗೆ ಆಕಾಶದಲ್ಲಿ ಸುಮಾರು 2,450 ಕಿ.ಮೀ., ಬೆಂಗಳೂರಿಗೆ 2,700. ವಿಮಾನಕ್ಕೆ ಇದು ಹೆಚ್ಚೆಂದರೆ ಅರ್ಧ ಗಂಟೆಯ ವ್ಯತ್ಯಾಸ. ನಮ್ಮ ಹುಡುಗರು ಮಾತ್ರ ಅಭ್ಯಾಸಬಲದಿಂದ ಮಂಗಳೂರಿಗೇ ಟಿಕೆಟ್ ಮಾಡಿಸ್ತಾರೆ. ಅಲ್ಲಿ ಕುಟುಂಬ ಇದೆ, ಮಾವನ ಮನೆ ಇದೆ, ಅದು ಬೇರೆ ಮಾತು. ನೇರ ಹರಿಹರಕ್ಕೆ ಬರುವವನಿಗೆ ಎರಡೂ ಕಡೆಯಿಂದ ರಸ್ತೆ 270 ಕಿ.ಮೀ. ಆಸುಪಾಸು. ಒಂದು ಕಡೆ ಆಗುಂಬೆ ಘಾಟಿ, ತೀರ್ಥಹಳ್ಳಿ, ಹೊನ್ನಾಳಿ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದರೆ ಕಾಯಬೇಕು. ಇನ್ನೊಂದು ಕಡೆ ರಾಷ್ಟ್ರೀಯ ಹೆದ್ದಾರಿ 48. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಮೇಲೆ ದಾಬಸ್‌ಪೇಟೆಗೆ ಬಂದರೆ ಬೆಂಗಳೂರು ಪೇಟೆಯೊಳಗೆ ಕಾಲಿಡುವ ಅಗತ್ಯವೇ ಇಲ್ಲ.

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ 2023ರಲ್ಲಿ ಶುರುವಾದಾಗ ನಾವೂ ಖುಷಿಪಟ್ಟೆವು. ಹರಿಹರಕ್ಕೆ ಅದೇ ಹತ್ತಿರ. ಆದರೆ ಗಲ್ಫ್‌ಗೆ ಅಲ್ಲಿಂದ ನೇರ ವಿಮಾನ ಇಲ್ಲ. ಬೆಂಗಳೂರಲ್ಲಿ ಇಳಿದು ಶಿವಮೊಗ್ಗದ ವಿಮಾನಕ್ಕೆ ಕಾದು ಕೂರುವಷ್ಟರಲ್ಲಿ ಕಾರು ಚಿತ್ರದುರ್ಗ ದಾಟಿರ್ತದೆ. ಹಜ್ಜಿನ ವಿಷಯದಲ್ಲೂ ಹಾಗೇ: ಕೋವಿಡ್ ನಂತರ ದೇಶದ ಹಜ್ ನಿರ್ಗಮನ ಕೇಂದ್ರಗಳನ್ನು 21ರಿಂದ 10ಕ್ಕೆ ಇಳಿಸಿದಾಗ ಮಂಗಳೂರು ಕೈಬಿಟ್ಟಿತು. ಕರಾವಳಿಯವರಿಗೆ ಅದು ದೊಡ್ಡ ನಷ್ಟ, ನಮಗೆ ಅಷ್ಟಿಲ್ಲ.

ಟಿಕೆಟಿನ ಗಡಿಯಾರ ಬೇರೆ ಮೋಸ ಮಾಡ್ತದೆ. ಅದರಲ್ಲಿ ಹೊರಡುವುದು ಆ ಊರಿನ ಸಮಯ, ಇಳಿಯುವುದು ಈ ಊರಿನ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ. ರಾತ್ರಿ 10ಕ್ಕೆ ದುಬೈ ಬಿಟ್ಟು ನಾಲ್ಕು ಗಂಟೆ ಹಾರಿದವನು ಇಲ್ಲಿ ಇಳಿಯುವುದು 3.30ಕ್ಕೆ.

ಇದೆಲ್ಲ ಯಾಕೆ ಹೇಳ್ತಿದ್ದೇವೆಂದರೆ, ಮನೆಯಲ್ಲಿ ಮರಣವಾದಾಗ ಜಮಾಅತ್‌ಗೆ ಬರುವ ಮೊದಲ ಪ್ರಶ್ನೆ ಮಗನಿಗೆ ಕಾಯುವುದೋ ಬೇಡವೋ ಎಂಬುದು. "ನಾಲ್ಕೇ ಗಂಟೆ" ಅಂತ ಯಾರೋ ಹೇಳ್ತಾರೆ, ಮಯ್ಯಿತ್ ಇಟ್ಟು ಕಾಯ್ತೇವೆ. ಕೂಡಿಸಿ ನೋಡಿ: ರೂಮಿನಿಂದ ನಿಲ್ದಾಣಕ್ಕೆ ಒಂದು ಗಂಟೆ, ಮೂರು ಗಂಟೆ ಮುಂಚೆ ಹಾಜರಿ, ಹಾರಾಟ ನಾಲ್ಕು, ಇಮಿಗ್ರೇಶನ್ನು ಲಗೇಜು ಒಂದು, ರಸ್ತೆ ಐದು. ಹದಿನಾಲ್ಕು ಗಂಟೆ, ಅದೂ ಕೂಡಲೇ ಸೀಟು ಸಿಕ್ಕಿದರೆ. ಸೌದಿಯಲ್ಲಿ ಕೆಲಸಕ್ಕಿರುವವನಾದರೆ ಎಕ್ಸಿಟ್ ರೀಎಂಟ್ರಿಯೂ ಆಗಬೇಕು. ದಫನಕ್ಕೆ ತಡ ಮಾಡಬಾರದೆಂದು ಮದ್ರಸದ ಮಕ್ಕಳಿಗೂ ಗೊತ್ತು. ಹಾಗಾಗಿ ಮಗನ ಕೈಗೆ ಟಿಕೆಟ್ ಬಂದ ಮೇಲೆ, ಅದರ ನಂಬರು ನೋಡಿಯೇ ಜನಾಝದ ಹೊತ್ತು ಹೇಳುವುದು ಒಳ್ಳೆಯದು. ಟಿಕೆಟ್ ಇಲ್ಲದಿದ್ದರೆ ಕಾಯಿಸುವುದು ಬೇಡ. ಅವನು ಬಂದ ಮೇಲೆ ಖಬರಿನ ಬಳಿ ನಿಂತು ನಮಾಝ್ ಮಾಡಲು ಅವಕಾಶ ಇದ್ದೇ ಇದೆ.