ಕಥೆಯ ಬೀಜವೆಲ್ಲಿ?

ಚಲಚ್ಚಿತ್ರವೊಂದರ ಕಥೆಯನ್ನು ಒಂದು ಪುಟದಲ್ಲಿ ಸಂಗ್ರಹಿಸಿ ಬರೆಯಿರೆಂದರೆ, ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತೆರೆಯ ಮೇಲೆ ಮೊದಲು ಕಂಡುದನ್ನೇ ಮೊದಲು ಬರೆಯುತ್ತಾರೆ. ಊರು, ಹೊಲ, ಹಾಡು, ಹಾಸ್ಯ ಎಲ್ಲವೂ ಬರುತ್ತವೆ. ಕಥೆ ಹೊರಡುವ ಹೊತ್ತಿಗೆ ಹಾಳೆಯೇ ಮುಗಿದಿರುತ್ತದೆ. ಇನ್ನು ಕೆಲವರು ಎಲ್ಲಕ್ಕಿಂತ ಅಬ್ಬರದ ಪ್ರಸಂಗವನ್ನು ಹಿಡಿದು ಅಲ್ಲಿಂದ ಆರಂಭಿಸುತ್ತಾರೆ. ಸಂಗ್ರಹಕಾರನು ಮೊದಲು ಅರಸಬೇಕಾದುದು ಕಥೆಯನ್ನು ಹೊರಡಿಸಿದ ಘಟನೆಯನ್ನು ಎಂಬುದು ನನ್ನ ಮತ.

ನಮ್ಮ ನಾಟ್ಯಶಾಸ್ತ್ರಕಾರರು ಇದಕ್ಕೆ ಸಮೀಪವಾದುದನ್ನು ‘ಬೀಜ’ವೆಂದು ಕರೆದರು. ಮೊದಲು ಅಲ್ಪವಾಗಿ ತೋರಿ, ಬರಬರುತ್ತ ಹಲವು ಬಗೆಯಾಗಿ ಹರಡಿ, ಕಡೆಗೆ ಫಲವಾಗುವುದೇ ಬೀಜ. ಅದನ್ನು ಗುರುತಿಸಲು ಎರಡು ಪ್ರಶ್ನೆಗಳು ಸಾಕು. ಈ ಘಟನೆ ನಡೆಯದಿದ್ದರೆ ನಾಯಕನು ಹಿಂದಿನಂತೆಯೇ ಬಾಳುತ್ತಿದ್ದನೇ? ಇಲ್ಲಿ ಎದ್ದ ಪ್ರಶ್ನೆಗೇ ಕಥೆಯ ಕೊನೆಯಲ್ಲಿ ಉತ್ತರ ದೊರೆಯುವುದೇ?

ಬಿಮಲ್ ರಾಯ್ ಅವರು 1953ರಲ್ಲಿ ನಿರ್ದೇಶಿಸಿದ ‘ದೋ ಬೀಘಾ ಜಮೀನ್’ ಹಿಂದೀ ಚಿತ್ರವನ್ನು ತೆಗೆದುಕೊಳ್ಳೋಣ. ಆರಂಭದಲ್ಲಿ ಬರಗಾಲ ಕಳೆದು ಮಳೆ ಸುರಿಯುತ್ತದೆ. ಊರವರು ಹಾಡಿ ಕುಣಿಯುತ್ತಾರೆ. ಕಥೆಯ ಬೀಜ ಇಲ್ಲಿಲ್ಲ. ಕಾರ್ಖಾನೆ ಕಟ್ಟಿಸಲು ಜಮೀನುದಾರನು ರೈತ ಶಂಭುವಿನ ಎರಡು ಬೀಘಾ ನೆಲವನ್ನು ಕೇಳುತ್ತಾನೆ, ಶಂಭು ಒಪ್ಪುವುದಿಲ್ಲ, ಒಡನೆಯೇ ಹಳೆಯ ಸಾಲವನ್ನು ತೀರಿಸೆಂಬ ಆಜ್ಞೆಯಾಗುತ್ತದೆ. ಬೀಜ ಬಿದ್ದುದು ಇಲ್ಲಿ. ಅರುವತ್ತೈದು ರೂಪಾಯಿಯೆಂದು ಶಂಭು ತಿಳಿದಿದ್ದ ಸಾಲ ಸುಳ್ಳು ಲೆಕ್ಕದಿಂದ ಇನ್ನೂರ ಮೂವತ್ತೈದಾಗುವುದು, ನ್ಯಾಯಾಲಯವು ಮೂರು ತಿಂಗಳ ಗಡುವು ಕೊಡುವುದು, ಅವನು ಕಲಕತ್ತೆಯಲ್ಲಿ ರಿಕ್ಷಾ ಎಳೆಯುವುದು, ಎಲ್ಲವೂ ಅದರಿಂದ ಮೊಳೆತವು. ನೆಲ ಉಳಿಯುವುದೇ ಎಂಬ ಪ್ರಶ್ನೆಗೆ ಕಡೆಯ ದೃಶ್ಯವೇ ಉತ್ತರ.

ಬರದಿಂದ ಬಡವನಾದ ರೈತನು ಪಟ್ಟಣ ಸೇರಿದನೆಂದು ಬರೆದ ವಿದ್ಯಾರ್ಥಿಯು ದೋಷವನ್ನು ಆಕಾಶದ ಮೇಲೆ ಹೊರಿಸುತ್ತಾನೆ. ಜಮೀನುದಾರನ ಬೇಡಿಕೆಯಿಂದ ಆರಂಭಿಸಿದವನು ಅದನ್ನು ಮನುಷ್ಯನಲ್ಲಿ ಕಾಣುತ್ತಾನೆ. ಆದುದರಿಂದ ಬೀಜವನ್ನು ಹುಡುಕುವುದು ಅಂಕಗಳಿಗಾಗಿ ಮಾಡುವ ಕಸರತ್ತಲ್ಲ. ಅದು ನ್ಯಾಯನಿರ್ಣಯದ ಕೆಲಸ.

ಎಲ್ಲ ಕಥೆಗಳಲ್ಲಿಯೂ ಇದು ಇಷ್ಟು ಸ್ಪಷ್ಟವಾಗಿರುವುದೇ ಎಂದು ಕೆಲವರು ಕೇಳಬಹುದು. ಇರುವುದಿಲ್ಲ. ಇಟಲಿಯ ಡಿ ಸಿಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ಚಿತ್ರದಲ್ಲಿ ನಿರುದ್ಯೋಗಿಯೊಬ್ಬನಿಗೆ ಗೋಡೆಗೆ ಭಿತ್ತಿಪತ್ರ ಹಚ್ಚುವ ಕೆಲಸ ಸಿಗುತ್ತದೆ. ಸೈಕಲ್ ಇದ್ದರೆ ಮಾತ್ರ ಕೆಲಸ. ಹೆಂಡತಿ ಹಾಸಿಗೆಯ ಹೊದಿಕೆಗಳನ್ನು ಒತ್ತೆಯಿಟ್ಟು, ಒತ್ತೆಯಲ್ಲಿದ್ದ ಸೈಕಲನ್ನು ಬಿಡಿಸುತ್ತಾಳೆ. ಮೊದಲ ದಿನವೇ ಅದು ಕಳುವಾಗುತ್ತದೆ. ಬೀಜ ಯಾವುದು? ಕೆಲಸ ದೊರೆತುದೋ, ಕಳವೋ? ಕಳವೇ ಎಂದು ನಾನು ಹೇಳುವೆನು. ಸೈಕಲ್ ಸಿಗುವುದೇ ಎಂಬ ಪ್ರಶ್ನೆಯೇ ಕೊನೆಯವರೆಗೂ ನಮ್ಮನ್ನು ನಡೆಸುತ್ತದೆ. ಆದರೆ ಕೆಲಸದ ಆ ನಿಬಂಧನೆಯನ್ನೂ ಒತ್ತೆಯಿಟ್ಟ ಹೊದಿಕೆಗಳನ್ನೂ ಒಂದು ವಾಕ್ಯದಲ್ಲಿ ಹೇಳದಿದ್ದರೆ, ಓದುಗನಿಗೆ ಅದು ಬರಿಯ ಸೈಕಲ್ ಕಳುವಾದ ಸುದ್ದಿಯಾಗುತ್ತದೆ. ಬೀಜಕ್ಕೆ ಮಣ್ಣೂ ಬೇಕು. ಮಣ್ಣಿಗೆ ಒಂದು ವಾಕ್ಯ, ಬೀಜಕ್ಕೆ ಇನ್ನೊಂದು, ಉಳಿದುದು ಬೆಳೆ.

ಮುಂಬಯಿಯ ನಮ್ಮ ಕನ್ನಡ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಬಹುಮಂದಿಯ ಹಿರಿಯರು ಊರು ಬಿಟ್ಟು ಬಂದವರು. ಏಕೆ ಬಂದಿರೆಂದು ಕೇಳಿದರೆ ‘ಬಡತನ’ ಎಂಬ ಒಂದೇ ಮಾತು ದೊರೆಯುತ್ತದೆ. ಬಡತನವು ಮಣ್ಣು, ಅದು ಎಂದಿನಿಂದಲೋ ಇದ್ದಿತು. ಆ ವರ್ಷವೇ, ಆ ದಿನವೇ ಹೊರಡುವಂತೆ ಮಾಡಿದುದು ಏನು? ಒಣಗಿದ ಬಾವಿಯೋ, ಪಾಲಾದ ಗದ್ದೆಯೋ, ಮೊದಲೇ ಬಂದಿದ್ದ ಸೋದರಮಾವನ ಕಾಗದವೋ? ಚಿತ್ರದ ಕಥೆಯಲ್ಲಿ ಬೀಜವನ್ನು ಗುರುತಿಸಲು ಕಲಿತ ಮಗು ಈ ಪ್ರಶ್ನೆಯನ್ನು ಮನೆಯಲ್ಲಿಯೂ ಕೇಳಲಿ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಲಿ.