ಸ್ಕೋರ್ ಬರೆಯುವ ಕೈ

ಕಳೆದ ಶನಿವಾರ ಸಂಜೆ ನಮ್ಮ ಮೊಮ್ಮಗಳು ಊಟ ಬೇಡವೆಂದು ಮುಸುಕೆಳೆದು ಮಲಗಿಬಿಟ್ಟಳು. ಅವರೆಕಾಳಿನ ಸಾರು, ಬಿಸಿ ಮುದ್ದೆ ಎಂದರೆ ನಿದ್ದೆಗಣ್ಣಲ್ಲೂ ಎದ್ದು ಬರುವ ಹುಡುಗಿ. ಅವಳ ಅಜ್ಜಿ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ. “ಸ್ಕೂಲಲ್ಲಿ ಏನೋ ಆಗಿದೆ, ನೀವೇ ಕೇಳಿ” ಎಂದು ನನಗೆ ಕಣ್ಸನ್ನೆ ಮಾಡಿದಳು.

ನಡೆದದ್ದು ಇಷ್ಟು. ಅಂದು ಅವಳ ಶಾಲೆಗೂ ಪಕ್ಕದೂರಿನ ಶಾಲೆಗೂ ಕ್ರಿಕೆಟ್ ಪಂದ್ಯ. ಇವಳ ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಸ್ಕೋರ್ ಪುಸ್ತಕವನ್ನು ಇವಳ ಕೈಗೆ ಕೊಟ್ಟಿದ್ದರು. ನಮ್ಮವರು ಮೊದಲು ಆಡಿ 72 ರನ್ ಮಾಡಿದರು. ಎದುರಾಳಿಗಳು ಕೊನೆಯ ಚೆಂಡಿನವರೆಗೂ ಹೋರಾಡಿ 71ಕ್ಕೆ ನಿಂತರು. ಒಂದು ರನ್ನಿನ ಗೆಲುವು! ಹುಡುಗರು ಮೈದಾನದಲ್ಲಿ ಕುಣಿಯುತ್ತಿದ್ದರೆ ಇವಳು ಹುಣಸೆ ಮರದಡಿ ಕುಳಿತು ಲೆಕ್ಕ ತಾಳೆ ನೋಡುತ್ತಿದ್ದಳು.

ಮಕ್ಕಳೇ, ಸ್ಕೋರ್ ಪುಸ್ತಕದಲ್ಲಿ ಒಂದು ಜಾಣತನವಿದೆ. ಒಂದೇ ಮೊತ್ತವನ್ನು ಎರಡು ದಾರಿಯಲ್ಲಿ ಕೂಡಬಹುದು. ಬ್ಯಾಟರ್‌ಗಳ ರನ್ನಿಗೆ ಇತರೆ ರನ್ ಸೇರಿಸಿದರೆ ತಂಡದ ಮೊತ್ತ. ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಸೇರಿಸಿದರೂ ಅದೇ ಮೊತ್ತ ಬರಬೇಕು. ಬರಲಿಲ್ಲ ಎಂದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಇವಳಿಗೆ ಒಂದು ಕಡೆ 72 ಬಂತು, ಇನ್ನೊಂದು ಕಡೆ 71. ಹುಡುಕಿದಳು. ಪ್ಯಾಡಿಗೆ ತಾಗಿ ಓಡಿದ ಒಂದು ರನ್ ಬ್ಯಾಟರ್ ಲೆಕ್ಕಕ್ಕೂ ಬಿದ್ದಿತ್ತು, ಲೆಗ್ ಬೈ ಲೆಕ್ಕಕ್ಕೂ ಬಿದ್ದಿತ್ತು. ಬರೆದದ್ದು ಇವಳದೇ ಕೈ. ಆ ಶಾಲೆಯ ಹುಡುಗ ಇವಳನ್ನು ನೋಡಿಯೇ ಬರೆದುಕೊಂಡಿದ್ದರಿಂದ ಅವನಿಗೂ ಗೊತ್ತಾಗಿರಲಿಲ್ಲ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇವಳು ಪುಸ್ತಕ ಹಿಡಿದು ಅಂಪೈರ್ ಬಳಿ ಹೋದಳು. ಪಂದ್ಯ ಸಮವಾಯಿತು. ಹಿಂದಿರುಗುವಾಗ ದಾರಿಯುದ್ದಕ್ಕೂ ಇವಳ ಜೊತೆ ಒಬ್ಬರೂ ಮಾತಾಡಲಿಲ್ಲ.

“ಅಜ್ಜಾ, ಗೆದ್ದಿದ್ದರೆ ಆಡಿದವರ ಹೆಸರು ಹೇಳ್ತಿದ್ದರು. ಈಗ ಎಲ್ಲರ ಬಾಯಲ್ಲೂ ನನ್ನದೇ ಹೆಸರು, ಬೈಯೋಕೆ” ಎಂದು ಅತ್ತಳು.

ಸಮಾಧಾನ ಮಾಡಲು ನಾನು ಒಂದು ಹಳೆಯ ಪಂದ್ಯದ ಕಥೆ ತೆಗೆದೆ. 1999ರ ಫೆಬ್ರವರಿ 7. ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ವಿರುದ್ಧ ಟೆಸ್ಟ್. ನಮ್ಮ ಅನಿಲ್ ಕುಂಬ್ಳೆ ಒಬ್ಬರೇ ಒಂಬತ್ತು ವಿಕೆಟ್ ಕಿತ್ತಿದ್ದರು. ಇನ್ನೊಂದು ತುದಿಯಿಂದ ಚೆಂಡು ಹಾಕಬೇಕಾದವರು ನಮ್ಮವರೇ ಆದ ಜಾವಗಲ್ ಶ್ರೀನಾಥ್. ಹತ್ತನೆಯದು ತಮಗೆ ಬಿದ್ದುಬಿಟ್ಟರೆ ಗೆಳೆಯನ ದಾಖಲೆ ತಪ್ಪುತ್ತದಲ್ಲ! ಅವರು ಬೇಕೆಂದೇ ಸ್ಟಂಪಿನಿಂದ ದೂರ ದೂರ ಚೆಂಡು ಹಾಕಿದರು. ಮುಂದೆ ವಾಸಿಂ ಅಕ್ರಂ ಹೊಡೆದ ಚೆಂಡು ಲಕ್ಷ್ಮಣ್ ಕೈ ಸೇರಿತು. ಕುಂಬ್ಳೆ 74 ರನ್ನಿಗೆ 10 ವಿಕೆಟ್. ಟೆಸ್ಟ್ ಚರಿತ್ರೆಯಲ್ಲಿ ಅದಕ್ಕೂ ಮೊದಲು ಇಂಗ್ಲೆಂಡಿನ ಜಿಮ್ ಲೇಕರ್ ಮಾತ್ರ 1956ರಲ್ಲಿ ಇದನ್ನು ಮಾಡಿದ್ದರು. ಅಂದಿನ ಸ್ಕೋರ್ ಪಟ್ಟಿಯಲ್ಲಿ ಶ್ರೀನಾಥ್ ಹೆಸರಿನ ಮುಂದೆ ಇರುವುದು ಸೊನ್ನೆ. “ನೋಡು, ಎಂಥ ಸೊನ್ನೆ!” ಎಂದೆ.

ಅವಳು ಮುಸುಕಿನಿಂದ ಮುಖ ಹೊರಗಿಟ್ಟಳು. “ಅವರು ಗೆಳೆಯನಿಗೆ ಕೊಟ್ಟರು ಅಜ್ಜಾ. ನಾನು ಗೆಳೆಯರಿಂದ ಕಿತ್ತುಕೊಂಡೆ.”

ನನ್ನ ಬಾಯಿ ಕಟ್ಟಿತು. ಹುಡುಗಿ ಹೇಳಿದ್ದು ಸರಿ. ಇದು ಬೇರೆಯೇ ಲೆಕ್ಕ. ಆ ರಾತ್ರಿ ಅವಳು ಎರಡು ತುತ್ತು ಮಾತ್ರ ತಿಂದಳು.

ಮಲಗಿದ ಮೇಲೆ ನನಗೆ ಇನ್ನೊಂದು ಕಥೆ ನೆನಪಾಯಿತು. ಬೆಳಿಗ್ಗೆ ಹಾಲು ಕುಡಿಯುತ್ತಿದ್ದವಳಿಗೆ ಅದನ್ನು ಹೇಳಿದೆ. ಈಗ ಮೊಬೈಲ್ ಒತ್ತಿದರೆ ಸ್ಕೋರ್ ಬರುತ್ತದೆ. 1990ರ ದಶಕದ ಆರಂಭದಲ್ಲಿ ಹಾಗಿರಲಿಲ್ಲ. ಇಲ್ಲಿ ನಾವು ರೇಡಿಯೋಗೆ ಕಿವಿ ಹಚ್ಚುತ್ತಿದ್ದೆವು. ಓದಲೆಂದು ಅಮೆರಿಕಕ್ಕೆ ಹೋದ ಹುಡುಗರಿಗೆ ಅಲ್ಲಿ ಕ್ರಿಕೆಟ್ಟಿನ ಸುದ್ದಿಯೇ ಇಲ್ಲ. 1993ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಸೈಮನ್ ಕಿಂಗ್ ಎಂಬ ಇಂಗ್ಲಿಷ್ ಸಂಶೋಧಕ ಕ್ರಿಕ್‌ಇನ್ಫೋ ಶುರು ಮಾಡಿದರು. ಅದನ್ನು ಬೆಳೆಸಿದವರು ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು. ಚೆನ್ನೈನ ಬದ್ರಿ ಶೇಷಾದ್ರಿ ಅವರಲ್ಲೊಬ್ಬರು. ಆಗ ಅವರು ಅಮೆರಿಕದಲ್ಲಿ ಓದುತ್ತಿದ್ದರು, ಮುಂದೆ ಊರಿಗೆ ಮರಳಿ ತಮಿಳು ಪುಸ್ತಕ ಪ್ರಕಾಶಕರಾದರು. ಇವರೆಲ್ಲ ಪಂದ್ಯ ನೋಡುತ್ತ, ಕೇಳುತ್ತ ಒಂದೊಂದೇ ಚೆಂಡಿನ ವಿವರವನ್ನು ಕೀಲಿ ಒತ್ತಿ ಕಳಿಸುತ್ತಿದ್ದರು. ಹಳೆಯ ಪಂದ್ಯಗಳ ಸ್ಕೋರ್ ಪಟ್ಟಿಗಳನ್ನು ಬೆರಳು ನೋಯುವಷ್ಟು ಬರೆದು ಸೇರಿಸಿದರು. ಸಂಬಳವಿಲ್ಲ, ಚಪ್ಪಾಳೆಯಿಲ್ಲ. ಓದುವವರಿಗೆ ಅವರ ಮುಖ ಗೊತ್ತಿಲ್ಲ.

“ಅವರು ತಪ್ಪು ಬರೆದಿದ್ದರೆ?” ಎಂದು ಕೇಳಿದಳು.

“ಅದೇ ವಿಷಯ ಮಗಳೇ. ಸಾವಿರಾರು ಮೈಲಿ ದೂರದಲ್ಲಿರುವವನು ಆ ಅಂಕಿಯನ್ನು ನಂಬಿಯೇ ನಗುತ್ತಾನೆ, ನಂಬಿಯೇ ಅಳುತ್ತಾನೆ. ತಮ್ಮ ದೇಶ ಗೆಲ್ಲಲಿ ಎಂಬ ಆಸೆ ಬರೆಯುವವರಿಗೂ ಇತ್ತು. ಆದರೆ ಆಸೆಯಿಂದ ಒಂದು ರನ್ ಹೆಚ್ಚು ಬರೆದರೆ ಇಡೀ ಪಟ್ಟಿಯನ್ನು ಯಾರು ನಂಬುತ್ತಾರೆ?”

ಅವಳು ಏನೂ ಹೇಳಲಿಲ್ಲ. ಲೋಟ ತೊಳೆದಿಟ್ಟು ಹೋದಳು.

ಸೋಮವಾರ ಶಾಲೆಯಿಂದ ಬಂದಾಗ ನಡಿಗೆ ಸ್ವಲ್ಪ ಹಗುರವಾಗಿತ್ತು. ಗೆಳತಿಯರಲ್ಲಿ ಇಬ್ಬರು ಮಾತಾಡಿದ್ದರಂತೆ, ನಾಯಕ ಇನ್ನೂ ಮುಖ ತಿರುಗಿಸುತ್ತಾನಂತೆ. ಆದರೆ ಆ ಇನ್ನೊಂದು ಶಾಲೆಯ ಮೇಷ್ಟ್ರು ಹೇಳಿಕಳಿಸಿದ್ದರಂತೆ: ಮತ್ತೊಮ್ಮೆ ಪಂದ್ಯವಾದರೆ ಸ್ಕೋರ್ ಆ ಹುಡುಗಿಯೇ ಬರೆಯಲಿ, ನಮ್ಮ ಕಡೆಯಿಂದ ಬೇರೆಯವರು ಬೇಡ.

ಅಂದು ಸಂಜೆ ಅವಳನ್ನು ಸ್ಟೇಷನ್ನಿಗೆ ಕರೆದೊಯ್ದೆ. ನಮ್ಮ ಚಿಕ್ಕಜಾಜೂರು ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಹಾದಿಯಿಂದ ಚಿತ್ರದುರ್ಗದ ಹಾದಿ ಕವಲೊಡೆಯುವುದು ಇಲ್ಲಿಯೇ. ಹಳಿ ಕೂಡಿಸುವವರು, ಬಿಸಿಲಲ್ಲಿ ನಡೆದು ಹಳಿ ಪರೀಕ್ಷಿಸುವವರು ಸರಿಯಾಗಿ ಕೆಲಸ ಮಾಡಿದರೆ ನಮಗೆ ಅವರ ನೆನಪೇ ಆಗುವುದಿಲ್ಲ. ಒಂದು ದಿನ ತಪ್ಪಿದರೆ ಊರಿಗೆಲ್ಲ ನೆನಪಾಗುತ್ತದೆ.

ನಿಲ್ಲದ ಗಾಡಿಯೊಂದು ಧಡಧಡ ಹಾದುಹೋಯಿತು. ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಹಸಿರು ಬಾವುಟ ಹಿಡಿದಿದ್ದರು, ಕೊನೆಯ ಡಬ್ಬಿಯಿಂದ ಗಾರ್ಡ್ ಕೂಡ ಹಸಿರು ಬಾವುಟ ತೋರಿಸಿದರು. “ಎಲ್ಲ ಸರಿಯಿದೆ” ಎಂದು ಇವರು ಹೇಳಬೇಕು, “ಕಂಡೆ” ಎಂದು ಅವರು ಹೇಳಬೇಕು.

“ನಮ್ಮಲ್ಲೂ ಹೀಗೇ ಅಜ್ಜಾ!” ಎಂದಳು. ಅಂಪೈರ್ ನಾಲ್ಕು, ಆರು, ಬೈ ಎಂದು ಸನ್ನೆ ಮಾಡಿದಾಗ ಸ್ಕೋರರ್ ಕೈ ಎತ್ತಿ ಕಂಡೆ ಎನ್ನಬೇಕು. ಕೈ ಏಳುವವರೆಗೂ ಅಂಪೈರ್ ಆಟ ಮುಂದುವರಿಸುವಂತಿಲ್ಲ. ಅದು ಕ್ರಿಕೆಟ್ಟಿನ ನಿಯಮ. ಇಷ್ಟು ವರ್ಷ ಆಟ ನೋಡಿದ ನನಗೆ ಅದು ಗೊತ್ತಿರಲಿಲ್ಲ. ಹುಣಸೆ ಮರದಡಿಯ ಒಂದು ಪುಟ್ಟ ಕೈಗಾಗಿ ಇಡೀ ಮೈದಾನ ಕಾಯುತ್ತದೆ!

ಮಕ್ಕಳೇ, ಅಜ್ಜ-ಅಜ್ಜಿಯರೇ, ಈ ವಾರ ನಾವೂ ಅಷ್ಟು ಮಾಡೋಣ. ಸ್ಕೋರ್ ಬರೆಯುವವರು, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವರು, ನಾವು ಪರದೆಯ ಮೇಲೆ ಓದುವ ಅಂಕಿಗಳನ್ನು ಎಲ್ಲೋ ಕುಳಿತು ತುಂಬುವವರು, ಇವರಲ್ಲಿ ಯಾರಾದರೂ ಕಣ್ಣಿಗೆ ಬಿದ್ದರೆ ಕೈ ಎತ್ತಿ. ಭಾಷಣ ಬೇಡ. “ಕಂಡೆ” ಎಂದರೆ ಸಾಕು.