ಕೋರಂ ಇಲ್ಲದ ಮೀಟಿಂಗು, ಕೇಳೋರಿಲ್ಲದ ಖರ್ಚು

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಪಾರ್ಟ್‌ಮೆಂಟಿನ ಜನರಲ್ ಬಾಡಿ ಮೀಟಿಂಗ್ ಎಂದು ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿರುತ್ತಾರೆ. ನಮ್ಮಲ್ಲಿ ಎಷ್ಟು ಜನ ಹೋಗುತ್ತೇವೆ? ‘ಅಯ್ಯೋ, ಯಾರ್ರೀ ಹೋಗ್ತಾರೆ, ಬರೀ ಜಗಳ’ ಅನ್ನೋರು ಒಬ್ಬರು. ‘ಹೋದ್ರೆ ಅಡುಗೆ ಯಾರು ಮಾಡ್ತಾರೆ’ ಅನ್ನೋರು ಇನ್ನೊಬ್ಬರು. ‘ಅದೆಲ್ಲ ನಮ್ಮನೆಯವರು ನೋಡ್ಕೋತಾರೆ’ ಅನ್ನೋರು ಮತ್ತೊಬ್ಬರು. ಅವರ ಮನೆಯವರು ಅದೇ ಹೊತ್ತಿಗೆ ಸೋಫಾದಲ್ಲಿ ಪೇಪರ್ ಹಿಡಿದು ಕೂತಿರುತ್ತಾರೆ! ಮರುತಿಂಗಳು ಮೇಂಟೆನೆನ್ಸ್ ಏರಿದಾಗ ಮಾತ್ರ ಎಲ್ಲರಿಗೂ ಒಟ್ಟಿಗೆ ಎಚ್ಚರವಾಗುತ್ತದೆ.

ಇಂಥ ಹೊತ್ತಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ‘ಮೀಟಿಂಗಿಗೆ ಕೋರಂ ಇತ್ತಾ?’ ಕೋರಂ ಅಂದರೆ ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಜನರ ಲೆಕ್ಕ. ಎಲೆ ಹಾಕುವ ಮೊದಲು ತಲೆ ಎಣಿಸಿದ ಹಾಗೆ. ಅಷ್ಟು ಜನ ಸೇರದಿದ್ದರೆ ಅಲ್ಲಿ ಆಡಿದ್ದು ಹರಟೆಯೇ ಹೊರತು ತೀರ್ಮಾನ ಅಲ್ಲ.

ಆ ಲೆಕ್ಕ ಎಷ್ಟಿರಬೇಕು? ಸಂವಿಧಾನ ಸಂಸತ್ತಿಗೆ ಹೇಳಿದ್ದು ಹತ್ತರಲ್ಲಿ ಒಂದು ಪಾಲು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದನ್ನು ಆಯಾ ಸಂಘದ ಬೈಲಾಗೆ ಬಿಟ್ಟಿತು. ಬಹುಮತದ ಬದಲು ಬೇರೆ ಪ್ರಮಾಣ ಬೇಕೆಂದರೆ ಬೈಲಾದಲ್ಲೇ ಬರೆಯಿರಿ ಎಂದಿತು. ಆ ಕಾಯ್ದೆಯಲ್ಲಿ ಬಹುಮತ ಅಂದರೆ ಶೇಕಡ 51 ಮತ. ಅದೂ ಬರೀ ತಲೆ ಎಣಿಕೆಯಲ್ಲ, ಒಂದೊಂದು ಫ್ಲ್ಯಾಟಿಗೆ ಡಿಕ್ಲರೇಷನ್‌ನಲ್ಲಿ ಗೊತ್ತುಮಾಡಿದ ಮತದ ಪಾಲು.

ಒಂದು ಉದಾಹರಣೆ ನೋಡೋಣ. 60 ಮನೆಗಳ ಅಪಾರ್ಟ್‌ಮೆಂಟ್, ಎಲ್ಲರಿಗೂ ಸಮ ಪಾಲು ಅಂದುಕೊಳ್ಳಿ. ಶೇಕಡ 51 ಅಂದರೆ 31 ಮನೆಯವರು ಬರಬೇಕು. ಹತ್ತು ಮನೆಗೆ ಬೀಗ, ಮಾಲೀಕರು ಅಮೆರಿಕದಲ್ಲೋ ದುಬೈಯಲ್ಲೋ. ಹದಿನೈದರಲ್ಲಿ ಬಾಡಿಗೆಯವರು. ಉಳಿದ 35ರಲ್ಲಿ 31 ಮನೆಯವರು ಸತ್ಯನಾರಾಯಣ ಪೂಜೆಗೂ ಒಟ್ಟಿಗೆ ಬರೋದು ಕಷ್ಟ! ಹೀಗೆ ಮೀಟಿಂಗ್ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಕೆಟ್ಟ ಲಿಫ್ಟ್ ಕೆಟ್ಟೇ ಇರುತ್ತದೆ. ಸರಿ, ಹತ್ತರಲ್ಲಿ ಒಂದು ಪಾಲು ಸಾಕು ಅಂದರೆ? ಆರು ಜನ ಸೇರಿ, ಅದರಲ್ಲಿ ನಾಲ್ವರು ಕೈ ಎತ್ತಿದರೆ 60 ಮನೆಯ ದುಡ್ಡು ಖರ್ಚಾಗುತ್ತದೆ.

ಇದಕ್ಕಿಂತ ದೊಡ್ಡ ತೂತು ‘ಅರ್ಧ ಗಂಟೆ’ ನಿಯಮ. ಕೋರಂ ಆಗದಿದ್ದರೆ ಅರ್ಧ ಗಂಟೆ ಕಾದು, ಆಮೇಲೆ ಇದ್ದಷ್ಟೇ ಜನರಲ್ಲಿ ಸಭೆ ನಡೆಸಬಹುದು ಎಂದು ಎಷ್ಟೋ ಬೈಲಾಗಳಲ್ಲಿ ಬರೆದಿರುತ್ತಾರೆ. ಹಾಗಾದರೆ ಕೋರಂ ಇದ್ದೂ ಏನು ಬಂತು? ಬರೀ ಒಂದು ಕಪ್ ಕಾಫಿಯ ಬಿಡುವು! 2013ರ ಕಂಪನಿ ಕಾಯ್ದೆಯಲ್ಲೂ ಅರ್ಧ ಗಂಟೆ ಕಾಯುವ ಮಾತಿದೆ. ಆದರೆ ಅಲ್ಲಿ ಸಭೆ ಮುಂದಿನ ವಾರದ ಅದೇ ದಿನಕ್ಕೆ ಹೋಗುತ್ತದೆ, ಬಂದಷ್ಟೇ ಜನ ಸಾಕು ಅನ್ನೋದು ಆ ಎರಡನೇ ಸಭೆಗೆ. ವಿಷಯ ತಿಳಿದು ಬರಲು ಜನರಿಗೆ ಒಂದು ವಾರವಾದರೂ ಸಿಗುತ್ತದೆ.

ಮಧ್ಯದ ದಾರಿಯೇ ಒಳ್ಳೆಯದು. ಮೊದಲ ಸಭೆಗೆ ಮೂರರಲ್ಲಿ ಒಂದು ಪಾಲು, ಅಂದರೆ 60ಕ್ಕೆ 20. ಆಗದಿದ್ದರೆ ವಾರ ಬಿಟ್ಟು, ಹೊಸ ನೋಟಿಸ್ ಕೊಟ್ಟು ಎರಡನೇ ಸಭೆ. ಅದಕ್ಕೂ ಐದರಲ್ಲಿ ಒಂದು ಪಾಲು, ಅಂದರೆ 12 ಜನ ಇರಲೇಬೇಕು. ಮೊದಲ ನೋಟಿಸಿನಲ್ಲಿ ಇಲ್ಲದ ವಿಷಯ ಅಲ್ಲಿ ಎತ್ತಬಾರದು. ಆದರೆ 20 ಜನರಲ್ಲಿ 11 ಜನ ಒಪ್ಪಿದರೂ ಬಹುಮತವೇ ಅಲ್ಲವೇ? ವಾಚ್‌ಮನ್ ಸಂಬಳಕ್ಕೆ ಇದು ಸಾಕು. ಇಡೀ ಕಟ್ಟಡಕ್ಕೆ ಪೇಂಟು, ಹೊಸ ಬೋರ್‌ವೆಲ್, ಕಾರ್ಪಸ್ ಫಂಡಿಗೆ ಕೈ ಹಾಕುವ ಮಾತು ಬಂದರೆ ಸಾಲದು. ಅದಕ್ಕೆ ಬಂದವರಲ್ಲಿ ಅಲ್ಲ, ಒಟ್ಟು 60ರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವರು ಒಪ್ಪಬೇಕು.

ಇನ್ನು ನಮ್ಮ ಮಾತು. ಟ್ಯಾಂಕರ್ ಎಷ್ಟೊತ್ತಿಗೆ ಬಂತು, ಸಂಪು ತೊಳೆದು ಎಷ್ಟು ದಿನವಾಯಿತು, ಲಿಫ್ಟಿನಲ್ಲಿ ಯಾರ ಮಗು ಸಿಕ್ಕಿಹಾಕಿಕೊಂಡಿತ್ತು ಅನ್ನೋದು ಗೊತ್ತಿರೋದು ಹಗಲೆಲ್ಲ ಮನೆಯಲ್ಲಿರುವ ನಮಗೆ. ಆದರೆ ಕ್ರಯಪತ್ರದಲ್ಲಿ ಯಜಮಾನರ ಹೆಸರೊಂದೇ ಇದ್ದರೆ, ಮೀಟಿಂಗಿನಲ್ಲಿ ಎರಡು ಗಂಟೆ ಕೂತರೂ ನಾವು ಕೋರಂ ಲೆಕ್ಕಕ್ಕಿಲ್ಲ. ಎತ್ತಿದ ಕೈಯನ್ನೂ ಎಣಿಸೋದಿಲ್ಲ. ಮನೆಯೊಡತಿಯರು ಸಭೆಗೆ ಬರುತ್ತಿದ್ದರೂ ಕೋರಂ ಆಗಲಿಲ್ಲ ಎಂದು ಬರೆದುಕೊಳ್ಳುವುದು ಎಂಥ ವಿಚಿತ್ರ! ಮನೆಗೊಂದು ಮತವೇ ಇರಲಿ, ಅದನ್ನು ಗಂಡ ಹೆಂಡತಿ ಇಬ್ಬರಲ್ಲಿ ಯಾರು ಬಂದರೂ ಹಾಕಬಹುದು ಎಂದು ಬೈಲಾದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಕೋರಂ ಸಮಸ್ಯೆ ಅರ್ಧ ಅಲ್ಲೇ ಕರಗುತ್ತದೆ.

ಹಾಗಾದರೆ ಏನು ಮಾಡಬಹುದು?

* ಸೆಕ್ರೆಟರಿಯ ಹತ್ತಿರ ಬೈಲಾ ಪ್ರತಿ ಕೇಳಿ ಪಡೆಯಿರಿ. ಕೋರಂ, ಪ್ರಾಕ್ಸಿ, ಮುಂದೂಡಿದ ಸಭೆ, ಈ ಮೂರು ಕಡೆ ಪೆನ್ಸಿಲ್ ಗುರುತು ಹಾಕಿ.

* ಪ್ರಾಕ್ಸಿಗೆ ಅವಕಾಶ ಇದ್ದರೆ ಯಜಮಾನರಿಂದ ಸಹಿ ಮಾಡಿದ ಪತ್ರ ತೆಗೆದುಕೊಂಡೇ ಹೋಗಿ. ಒಬ್ಬರೇ ಹತ್ತು ಮನೆಯ ಪ್ರಾಕ್ಸಿ ಹಿಡಿದು ಬರದಂತೆ ಮಿತಿಯೂ ಇರಲಿ. ಕೆಲವು ಬೈಲಾಗಳಲ್ಲಿ ಪ್ರಾಕ್ಸಿಗೆ ಅವಕಾಶವೇ ಇರುವುದಿಲ್ಲ, ಮೊದಲೇ ನೋಡಿಕೊಳ್ಳಿ.

* ಹೊಸ ಫ್ಲ್ಯಾಟ್ ಕೊಳ್ಳುತ್ತಿದ್ದರೆ ಇಬ್ಬರ ಹೆಸರಿನಲ್ಲೂ ನೋಂದಣಿ ಮಾಡಿಸಿ.

* ಹಾಜರಿ ಪುಸ್ತಕದಲ್ಲಿ ಸಹಿ ಹಾಕದೆ ಕೂರಬೇಡಿ. ಎಷ್ಟು ಜನ ಇದ್ದರು ಎಂಬುದು ನಡಾವಳಿಯಲ್ಲಿ ಬರಬೇಕು. ಅರ್ಧ ಜನ ಎದ್ದು ಹೋದ ಮೇಲೆ ತೀರ್ಮಾನಕ್ಕೆ ಕೈ ಎತ್ತಿಸಿದರೆ ಮತ್ತೆ ಎಣಿಸಲು ಹೇಳಿ.

* ಕೋರಂ ನಿಯಮ ಬದಲಿಸಲೂ ಒಂದು ಮೀಟಿಂಗ್ ಬೇಕು, ಅದಕ್ಕೂ ಕೋರಂ ಬೇಕು! ತಿದ್ದುಪಡಿಗೆ ಎಷ್ಟು ಮತ ಬೇಕೆಂದು ಮೊದಲು ಬೈಲಾದಲ್ಲಿ ನೋಡಿ. ಆಮೇಲೆ ಮಹಡಿಗೊಬ್ಬರಂತೆ ಮನೆಮನೆಗೆ ಹೋಗಿ ಹೇಳಿ. ಅರಿಶಿನ ಕುಂಕುಮಕ್ಕೆ ಕರೆಯಲು ಬಾರದ ಸಂಕೋಚ ಇದಕ್ಕೇಕೆ?

ಮೀಟಿಂಗಿನಲ್ಲಿ ಜಗಳ ಆಗುತ್ತೆ, ನಿಜ. ಆದರೆ ನಾವು ಇಲ್ಲದಿದ್ದಾಗ ಆದ ತೀರ್ಮಾನಕ್ಕೂ ಪ್ರತಿ ತಿಂಗಳು ದುಡ್ಡು ಕಟ್ಟೋರು ನಾವೇ. ಮುಂದಿನ ಭಾನುವಾರ ಕುಕ್ಕರ್ ಸ್ವಲ್ಪ ಬೇಗ ಇಟ್ಟು, ಹನ್ನೊಂದಕ್ಕೆ ಕೆಳಗಿಳಿದು ಬನ್ನಿ.